ಬಣ್ಣ ಜಾಸ್ತಿ, ಖಾರ ಕಮ್ಮಿ: ಗಳಗನಾಥರ ‘ಕನ್ನಡಿಗರ ಕರ್ಮಕಥೆ’ಯನ್ನು ಮೊಬೈಲಲ್ಲಿ ಓದಿದ ಕಥೆ

ಇಯರ್‌ಫೋನ್ ಹಾಕ್ಕೊಂಡು ಬಸ್ಸಿನ ಕಿಟಕಿ ಪಕ್ಕ ಕೂತವರಿಗೆ, ಸೀಟು ಸಿಗದೆ ಕಂಬಿ ಹಿಡಿದು ನಿಂತವರಿಗೆ, ರಾತ್ರಿ ಲೈಟ್ ಆರಿಸಿ ಹೊದಿಕೆ ಒಳಗೆ ಕೇಳ್ತಿರೋರಿಗೆ, ಎಲ್ಲರಿಗೂ ಈ ಕಂತಿಗೆ ಸ್ವಾಗತ.

ಇವತ್ತು ಒಂದು ಕಾದಂಬರಿಯ ಬಗ್ಗೆ ಮಾತಾಡೋಣ. ನೂರು ವರ್ಷದ ಹಿಂದಿನದು. ಅದರಲ್ಲಿ ತಪ್ಪುಗಳಿವೆ, ಸಣ್ಣಪುಟ್ಟದ್ದಲ್ಲ, ದೊಡ್ಡ ತಪ್ಪುಗಳೇ ಇವೆ. ಆದರೂ ನಾನು ಅದನ್ನು ಬ್ಯಾಡಗಿಯಿಂದ ರಾಣೇಬೆನ್ನೂರಿಗೆ ಕಾಲೇಜಿಗೆ ಹೋಗುವ ಬಸ್ಸಲ್ಲಿ, ಮೊಬೈಲ್‌ನಲ್ಲಿ, ಒಂದು ವಾರ ಬಿಡದೆ ಓದಿದೆ. ಒಂದು ದಿನ ಇಳಿಯುವ ಸ್ಟಾಪ್ ದಾಟಿ ಹೋಗಿ ಕಂಡಕ್ಟರ್ ಹತ್ತಿರ ಬೈಸಿಕೊಂಡೆ. ಅಷ್ಟು ಮಜಾ ಕೊಟ್ಟ ಪುಸ್ತಕದ ಬಗ್ಗೆ ನನ್ನ ಗೆಳತಿ ಒಂದು ಪ್ರಶ್ನೆ ಕೇಳಿದಳು. ಆ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಉತ್ತರ ಹುಡುಕಲು ಹೋಗಿದ್ದರಿಂದಲೇ ಈ ಕಂತು ಹುಟ್ಟಿತು.

ಪುಸ್ತಕದ ಹೆಸರು ‘ಕನ್ನಡಿಗರ ಕರ್ಮಕಥೆ’. ಬರೆದವರು ಗಳಗನಾಥರು.

ಹೆಸರು ಎಲ್ಲೋ ಕೇಳಿದ ಹಾಗಿದೆ ಅಂತೀರಾ? ಕೇಳಿರ್ತೀರಿ. ಪಠ್ಯಪುಸ್ತಕದಲ್ಲಿ ‘ಕನ್ನಡ ಕಾದಂಬರಿ ಪಿತಾಮಹ’ ಅಂತ ಒಂದು ಸಾಲು ಬರುತ್ತೆ, ಒಂದು ಮಾರ್ಕಿನ ಪ್ರಶ್ನೆಗೆ ಅದನ್ನ ಬಾಯಿಪಾಠ ಮಾಡಿ ಪರೀಕ್ಷೆ ಮುಗಿದ ಮೇಲೆ ಮರೀತೀವಿ. ನಾನೂ ಹಾಗೇ ಮರೆತಿದ್ದೆ. 2023ರ ಜನವರಿಯಲ್ಲಿ ಹಾವೇರಿಯಲ್ಲಿ 86ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆಯಿತಲ್ಲ, ಆಗ ಊಟದ ಸಾಲಲ್ಲಿ ನಿಂತಿದ್ದ ಹಿರಿಯರೊಬ್ಬರು, ‘ಗಳಗನಾಥರು ನಮ್ಮ ಜಿಲ್ಲೆಯವರು, ಪುಸ್ತಕ ತಲಿ ಮ್ಯಾಲೆ ಹೊತ್ತು ಮಾರಿದವರು’ ಅಂದರು. ಪುಸ್ತಕ ಹೊತ್ತು ಮಾರೋದು ಅಂದ್ರೆ ಏನು ಅಂತ ಆಗ ನನಗೆ ಅರ್ಥ ಆಗಲಿಲ್ಲ. ಕೈಯಲ್ಲಿ ಪಲಾವ್ ತಟ್ಟೆ ಇತ್ತು, ಗಮನವೂ ಅದರ ಮೇಲೇ ಇತ್ತು, ಸುಳ್ಳು ಯಾಕೆ ಹೇಳಲಿ.

ಮೊದಲು ಕಥೆ ಹೇಳಿಬಿಡ್ತೀನಿ. ಪೂರ್ತಿ ಹೇಳಲ್ಲ, ಕೊನೆ ಬಿಡ್ತೀನಿ.

ವಿಜಯನಗರ. ರಾಮರಾಜ ಇನ್ನೂ ಯುವಕ. ಅವನಿಗೆ ಮೆಹರ್ಜಾನ್ ಅನ್ನೋ ಹುಡುಗಿಯ ಮೇಲೆ ಪ್ರೀತಿ. ಅವಳು ಮುಸ್ಲಿಂ. ಊರಿನ ಕಣ್ಣಿಗೆ ಬೀಳದ ಹಾಗೆ ಕುಂಜವನ ಅನ್ನೋ ತೋಟದಲ್ಲಿ ಅವಳನ್ನು ಇಟ್ಟಿರುತ್ತಾನೆ. ಅಲ್ಲಿ ಮರ, ನೀರು, ಬೆಳದಿಂಗಳು, ಎಲ್ಲಾ ಇದೆ. ಆಮೇಲೆ ಅವನ ಎದುರಿಗೆ ಅಧಿಕಾರದ ದಾರಿ ತೆರೆಯುತ್ತೆ, ಅರಸನ ಮನೆತನದ ಸಂಬಂಧ ಬರುತ್ತೆ. ಪ್ರೀತಿಸಿದವಳಿಗೆ ಕೊಟ್ಟ ಮಾತು ನಡೆಸುವುದಿಲ್ಲ. ಅವಳು ದೂರವಾಗುತ್ತಾಳೆ. ಅವಳಿಗೆ ಒಬ್ಬ ಮಗ ಹುಟ್ಟುತ್ತಾನೆ, ಹೆಸರು ರಣಮಸ್ತಖಾನ್. ವರ್ಷಗಳು ಕಳೆಯುತ್ತವೆ. ರಾಮರಾಜ ಈಗ ವಿಜಯನಗರವನ್ನೇ ಆಳುವವನು. ಬೆಳೆದು ನಿಂತ ಮಗ ವಿಜಾಪುರದ ಕಡೆಯಿಂದ ವಿಜಯನಗರಕ್ಕೆ ಬರುತ್ತಾನೆ. ಅಪ್ಪ ಎದುರಿಗೇ ಕೂತಿದ್ದಾನೆ, ಇವನು ನನ್ನ ಮಗ ಅಂತ ಅವನಿಗೆ ಗೊತ್ತಿಲ್ಲ. ಮುಂದೆ 1565ರ ಯುದ್ಧ, ನಾವು ಶಾಲೆಯಲ್ಲಿ ಓದಿದ ತಾಳಿಕೋಟೆ ಯುದ್ಧ. ರಾಮರಾಜನಿಗೆ ಕೇಡು ಬರೋದು ಆ ಮಗನ ಕಡೆಯಿಂದಲೇ.

ಹೇಳ್ರಿ, ಇದು ವೆಬ್ ಸೀರೀಸ್ ಅಲ್ಲವಾ? ಗುಟ್ಟಿನ ತೋಟ, ಮುಚ್ಚಿಟ್ಟ ಹುಟ್ಟು, ಅರಮನೆಯ ಒಳಸಂಚು, ಒಂದು ಸಾಮ್ರಾಜ್ಯವೇ ಬೀಳುವ ಕ್ಲೈಮ್ಯಾಕ್ಸ್. ಫ್ಯಾಂಟಸಿ ಅಂದ್ರೆ ಬೆಂಕಿ ಉಗುಳುವ ಪ್ರಾಣಿ ಇರಲೇಬೇಕು, ಮಂತ್ರದ ಕೋಲು ಬೇಕು ಅಂತ ನಾವು ಅಂದ್ಕೊಂಡಿದೀವಿ. ಇಲ್ಲಿ ಅದ್ಯಾವುದೂ ಇಲ್ಲ. ಆದರೆ ಇರುವ ವಿಜಯನಗರ ಮಾತ್ರ ಚರಿತ್ರೆಯ ವಿಜಯನಗರಕ್ಕಿಂತ ಕನಸಿನ ವಿಜಯನಗರಕ್ಕೆ ಹತ್ತಿರ. ಹೆಸರುಗಳು ನಿಜ, ಊರುಗಳು ನಿಜ, ನದಿ ನಿಜ. ಮೆಹರ್ಜಾನ್ ಮತ್ತು ಅವಳ ಮಗ ಮಾತ್ರ ಚರಿತ್ರೆಯಲ್ಲಿ ಇಲ್ಲ, ಅವರು ಕಾದಂಬರಿಕಾರನ ಕಲ್ಪನೆ. ಆ ಇಬ್ಬರು ಇಲ್ಲದವರ ಸುತ್ತಲೇ ಇರುವ ಕಥೆಯೆಲ್ಲಾ ತಿರುಗುತ್ತೆ.

ಇನ್ನು ತಪ್ಪುಗಳು. ನಮ್ಮ ಬ್ಯಾಡಗಿ ಮೆಣಸಿನಕಾಯಿ ಗೊತ್ತಲ್ಲ, 2011ರಲ್ಲಿ ಭೌಗೋಳಿಕ ಗುರುತು ಸಿಕ್ಕ ಕಾಯಿ. ಬಣ್ಣ ನೋಡಿದರೆ ಬೆಂಕಿ, ಬಾಯಿಗಿಟ್ಟರೆ ಖಾರ ಅಷ್ಟಕ್ಕಷ್ಟೆ. ಈ ಕಾದಂಬರಿಯೂ ಹಾಗೇ. ಯಾರಾದರೂ ಬೇಸರ ಮಾಡಿಕೊಂಡರೆ ಅರ್ಧ ಪುಟ ಬೇಸರ ಮಾಡಿಕೊಳ್ಳುತ್ತಾರೆ. ಸಂಸ್ಕೃತದ ಸಮಾಸಗಳು ಗೂಡ್ಸ್ ಗಾಡಿಯ ಡಬ್ಬಿಗಳ ಹಾಗೆ ಒಂದಕ್ಕೊಂದು ಜೋಡಿಸಿಕೊಂಡು ಬರುತ್ತವೆ, ಗೇಟ್ ಹಾಕಿದ ಮೇಲೆ ನಿಂತು ಕಾಯಲೇಬೇಕು. ಯಾರು ಯಾರನ್ನು ಯಾವಾಗ ಭೇಟಿ ಆಗಬೇಕೋ ಸರಿಯಾಗಿ ಆಗಲೇ ಆಗ್ತಾರೆ, ಅಷ್ಟು ದೊಡ್ಡ ರಾಜಧಾನಿಯಲ್ಲಿ! ಕಥೆ ಓಡುತ್ತಿರುವಾಗ ಲೇಖಕರು ಅದನ್ನು ನಿಲ್ಲಿಸಿ ನಮಗೆ ನೀತಿ ಹೇಳೋಕೆ ಶುರು ಮಾಡ್ತಾರೆ. ಶಾಲೆ ಮಾಸ್ತರಾಗಿದ್ದವರು, ಅಭ್ಯಾಸ ಹೋಗಿಲ್ಲ. ಹೆಂಗಸರು ಅಂದ್ರೆ ಹೀಗಿರಬೇಕು ಅನ್ನೋ ಮಾತುಗಳನ್ನ ಓದುವಾಗ ನಾನು ಸ್ಕ್ರೋಲ್ ಮಾಡಿದ್ದು ಸತ್ಯ.

ಇನ್ನೊಂದು ದೊಡ್ಡ ವಿಷಯ. ಈ ಕಥೆ ಮೂಲದಲ್ಲಿ ಗಳಗನಾಥರದ್ದೇ ಅಲ್ಲ. ಮರಾಠಿಯ ಹರಿ ನಾರಾಯಣ ಆಪ್ಟೆಯವರ ‘ವಜ್ರಾಘಾತ’ ಅನ್ನೋ ಕಾದಂಬರಿಯಿಂದ ಬಂದದ್ದು. ಆಪ್ಟೆ ಅದನ್ನು ಬರೆದದ್ದು 1910ರ ದಶಕದಲ್ಲಿ. ಅಂದ್ರೆ ನಮ್ಮ ಹಂಪಿಯ ಕಥೆಯನ್ನು ಪುಣೆಯವರು ಬರೆದರು, ನಾವು ಅವರಿಂದ ತಂದುಕೊಂಡೆವು. ಕಾಪಿ ಅಂತೀರಾ? ಒಂದು ನಿಮಿಷ ತಡೀರಿ, ಅದಕ್ಕೆ ಗಳಗನಾಥರ ಕಾಲವನ್ನು ಸ್ವಲ್ಪ ನೋಡಬೇಕು.

ಅವರ ಹೆಸರು ವೆಂಕಟೇಶ ತಿರಕೋ ಕುಲಕರ್ಣಿ. ಹುಟ್ಟಿದ್ದು 1869ರ ಜನವರಿ 5ರಂದು, ಗಳಗನಾಥ ಅನ್ನೋ ಹಳ್ಳಿಯಲ್ಲಿ. ಇವತ್ತು ಅದು ಹಾವೇರಿ ತಾಲ್ಲೂಕು, ಹಾವೇರಿ ಜಿಲ್ಲೆ. ಆಗ ಹಾವೇರಿ ಅನ್ನೋ ಜಿಲ್ಲೆಯೇ ಇರಲಿಲ್ಲ, ಅದಾಗಿದ್ದು 1997ರಲ್ಲಿ. ಆಗ ಇದೆಲ್ಲಾ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆ. ವರದಾ ನದಿ ಬಂದು ತುಂಗಭದ್ರೆಯನ್ನು ಸೇರುವ ಜಾಗ ಆ ಹಳ್ಳಿ. ದಂಡೆಯ ಮೇಲೆ ಕಲ್ಯಾಣ ಚಾಲುಕ್ಯರ ಕಾಲದ ಗಳಗೇಶ್ವರ ದೇವಸ್ಥಾನ. ಅದರ ಬುಡ ಪಿರಮಿಡ್ಡಿನ ಹಾಗೆ ಮೆಟ್ಟಿಲು ಮೆಟ್ಟಿಲಾಗಿ ಅಗಲವಾಗಿದೆ, ನದಿ ಏರಿ ಬಂದರೂ ಅಲ್ಲಾಡಬಾರದು ಅಂತ ಕಟ್ಟಿದ ಹಾಗೆ ಕಾಣುತ್ತೆ. ಹಳ್ಳಿಯ ಹೆಸರನ್ನೇ ಅವರು ತಮ್ಮ ಕಾವ್ಯನಾಮ ಮಾಡಿಕೊಂಡರು.

ಮ್ಯಾಪ್ ತೆಗೆದು ನೋಡಿದರೆ ಒಂದು ವಿಷಯ ಗೊತ್ತಾಗುತ್ತೆ. ಗಳಗನಾಥದ ಮುಂದೆ ಹರಿಯುವ ನೀರು ಕೆಳಗೆ ಹೋಗಿ ಹಂಪಿಯ ಪಕ್ಕದಲ್ಲೇ ಹರಿಯುತ್ತೆ. ಈಗ ನಡುವೆ ತುಂಗಭದ್ರಾ ಅಣೆಕಟ್ಟಿದೆ, ಆಗ ಇರಲಿಲ್ಲ. ಆ ಹುಡುಗ ದಂಡೆಯಲ್ಲಿ ಕೂತು ಎಲೆ ತೇಲಿಬಿಟ್ಟಿದ್ದರೆ ಅದು ಹಂಪಿಯ ಕಡೆಗೇ ಹೋಗುತ್ತಿತ್ತು. ಇದು ನನ್ನ ಕಲ್ಪನೆ, ಎಲ್ಲೂ ಬರೆದಿಲ್ಲ, ಬಿಡ್ರಿ.

ಆಗಿನ ಧಾರವಾಡ ಸೀಮೆಯಲ್ಲಿ ಓದು ಬರಹ ಅಂದ್ರೆ ಮರಾಠಿ. ಕಚೇರಿಯಲ್ಲಿ, ದೊಡ್ಡ ಮನೆಗಳಲ್ಲಿ, ನಾಟಕದಲ್ಲಿ ಮರಾಠಿಯದೇ ಜೋರು. ಮನೆಯಲ್ಲಿ ಕನ್ನಡ ಮಾತಾಡಿ ಪತ್ರ ಮರಾಠಿಯಲ್ಲಿ ಬರೆಯುವವರು ಇದ್ದರು. ಈಗ ನಾವು ಮನೆಯಲ್ಲಿ ಕನ್ನಡ ಮಾತಾಡಿ ವಾಟ್ಸಾಪ್‌ನಲ್ಲಿ ಇಂಗ್ಲಿಷ್ ಅಕ್ಷರ ಕುಟ್ಟುವುದಿಲ್ಲವೇ, ಹಾಗೆ. 1890ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿದ್ದು ಇದೇ ಸಂಕಟದಿಂದ. ಕನ್ನಡದಲ್ಲಿ ಓದಲು ಪುಸ್ತಕವೇ ಇಲ್ಲ ಅಂದ್ರೆ ಜನ ಏನು ಓದ್ತಾರೆ? ಸಂಘ ಪುಸ್ತಕ ಬರೆಯುವವರಿಗೆ ಬಹುಮಾನ ಇಟ್ಟಿತು. ಗಳಗನಾಥರ ಮೊದಲ ಕಾದಂಬರಿ ‘ಪ್ರಬುದ್ಧ ಪದ್ಮನಯನೆ’ಗೆ ಬಹುಮಾನ ಬಂದದ್ದು ಅಲ್ಲೇ, 1898ರ ಸುಮಾರಿಗೆ.

ಅತ್ತ ಮೈಸೂರು ಸೀಮೆಯಲ್ಲಿ ಬಿ. ವೆಂಕಟಾಚಾರ್ಯರು ಬಂಗಾಳಿಯಿಂದ ಬಂಕಿಮಚಂದ್ರರ ಕಾದಂಬರಿಗಳನ್ನ ತರುತ್ತಿದ್ದರು. ಇತ್ತ ಗಳಗನಾಥರು ಮರಾಠಿಯಿಂದ. ಇಬ್ಬರೂ ಮಾಡಿದ ಕೆಲಸ ಒಂದೇ, ಕನ್ನಡಿಗರಿಗೆ ಕಾದಂಬರಿ ಓದುವ ಚಟ ಹತ್ತಿಸಿದ್ದು. ಚಟ ಅನ್ನೋ ಪದ ಬೇಕಂತಲೇ ಹೇಳಿದೆ. ಆ ಕಾಲದ ಕೆಲವು ದೊಡ್ಡವರು ಕಾದಂಬರಿ ಅಂದ್ರೆ ಹುಡುಗರ ತಲೆ ಕೆಡಿಸೋ ವಸ್ತು ಅಂತಲೇ ನೋಡುತ್ತಿದ್ದರು. ನಮ್ಮ ಮನೆಯವರು ರೀಲ್ಸ್ ನೋಡಿ ಬೈತಾರಲ್ಲ, ಅದೇ ಬೈಗುಳ.

ಹಾವೇರಿ ಹತ್ತಿರ ಅಗಡಿ ಅಂತ ಊರಿದೆ. ಅಲ್ಲಿಯ ಆನಂದವನದಿಂದ 1907ರಲ್ಲಿ ‘ಸದ್ಬೋಧ ಚಂದ್ರಿಕೆ’ ಅನ್ನೋ ಮಾಸಪತ್ರಿಕೆ ಶುರುವಾಯಿತು. ಶೇಷಾಚಲ ಸಾಧುಗಳ ಆಶ್ರಮ ಅದು. ಗಳಗನಾಥರು ಅದರ ಸಂಪಾದಕರಾದರು. ಬೆಂಗಳೂರಲ್ಲ, ಮೈಸೂರಲ್ಲ, ಧಾರವಾಡವೂ ಅಲ್ಲ. ಜೋಳದ ಹೊಲದ ನಡುವಿನ ಒಂದು ಹಳ್ಳಿಯಿಂದ ಪತ್ರಿಕೆ! ಹುಬ್ಬಳ್ಳಿ ಹರಿಹರ ರೈಲು ದಾರಿಯಲ್ಲಿ ಹಾವೇರಿ, ಬ್ಯಾಡಗಿ, ರಾಣೇಬೆನ್ನೂರು ಒಂದರ ಹಿಂದೆ ಒಂದು ನಿಲ್ದಾಣ. ಪತ್ರಿಕೆ ಅಂಚೆಯಲ್ಲಿ ಹೋಗುತ್ತಿತ್ತು. ಪುಸ್ತಕವನ್ನು ಮಾತ್ರ ಗಳಗನಾಥರು ಸ್ವತಃ ಹೊತ್ತುಕೊಂಡು ಹೋಗುತ್ತಿದ್ದರು.

ಈಗ ಆ ಸಮ್ಮೇಳನದ ಹಿರಿಯರ ಮಾತಿಗೆ ಬರ್ತೀನಿ. ಬರೆದ ಪುಸ್ತಕ ಅಚ್ಚಾಯಿತು, ಆದರೆ ಅಂಗಡಿ ಎಲ್ಲಿ? 1901ರ ಜನಗಣತಿಯಲ್ಲಿ ಭಾರತದಲ್ಲಿ ಅಕ್ಷರ ಬಲ್ಲವರು ನೂರಕ್ಕೆ ಸುಮಾರು 5 ಜನ. ಅದರಲ್ಲಿ ಕನ್ನಡ ಪುಸ್ತಕ ದುಡ್ಡು ಕೊಟ್ಟು ಕೊಳ್ಳುವವರು ಎಷ್ಟು? ಗಳಗನಾಥರು ಗಂಟು ಕಟ್ಟಿ, ತಲೆಯ ಮೇಲೆ ಹೊತ್ತು, ಊರೂರು ತಿರುಗಿ ಮಾರಿದರು. ಲೇಖಕ ಅವರೇ, ಮಾರುವವರು ಅವರೇ, ಹಮಾಲರೂ ಅವರೇ. ನಮ್ಮ ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಚೀಲ ಹೊರುವವರನ್ನ ನೋಡುತ್ತಲೇ ಬೆಳೆದವರು ನಾವು, ಹೊರೆ ಅಂದ್ರೆ ಕುತ್ತಿಗೆಗೆ ಏನಾಗುತ್ತೆ ಅಂತ ಗೊತ್ತು. ಪುಸ್ತಕದ ಗಂಟು ಮೆಣಸಿನಕಾಯಿಗಿಂತ ಭಾರ. ಇಪ್ಪತ್ತಕ್ಕೂ ಹೆಚ್ಚು ಕಾದಂಬರಿ ಬರೆದ ಮನುಷ್ಯ ಕೊನೆವರೆಗೂ ಬಡತನದಲ್ಲೇ ಇದ್ದು 1942ರ ಏಪ್ರಿಲ್‌ನಲ್ಲಿ ತೀರಿಕೊಂಡರು.

ಕಾಪಿ ಅನ್ನೋ ಮಾತಿಗೆ ನನ್ನ ಉತ್ತರ ಇಷ್ಟೇ. ಮರಾಠಿ ಬಲ್ಲವರು ಆಪ್ಟೆಯನ್ನ ಮರಾಠಿಯಲ್ಲೇ ಓದಿಕೊಳ್ಳುತ್ತಿದ್ದರು. ಬರದವರಿಗೆ, ಅಂದ್ರೆ ಹಳ್ಳಿಯ ಹುಡುಗರಿಗೆ, ಮನೆಯೊಳಗಿದ್ದ ಹೆಣ್ಣುಮಕ್ಕಳಿಗೆ ಹಂಪಿಯ ಕಥೆ ಹೇಳೋರು ಬೇಕಿತ್ತು. ಜೊತೆಗೆ ಹೆಸರು ಬದಲಿಸಿದ್ದನ್ನ ನೋಡ್ರಿ. ‘ವಜ್ರಾಘಾತ’ ಅಂದ್ರೆ ಸಿಡಿಲಿನ ಹೊಡೆತ. ಯಾರಿಗೆ ಹೊಡೆಯಿತು, ಆ ಹೆಸರು ಹೇಳಲ್ಲ. ಗಳಗನಾಥರು ‘ಕನ್ನಡಿಗರ ಕರ್ಮಕಥೆ’ ಅಂತ ಇಟ್ಟರು. ಇದು ಯಾರದೋ ಊರಿನ ಹಳೇ ಕಥೆಯಲ್ಲ, ನಮ್ಮ ಕರ್ಮ, ನಾವೇ ಅನುಭವಿಸಿದ್ದು ಅಂತ ಬಾಗಿಲಲ್ಲೇ ಬೋರ್ಡು ಹಾಕಿದ ಹಾಗೆ. ಆಲೂರು ವೆಂಕಟರಾಯರ ‘ಕರ್ನಾಟಕ ಗತವೈಭವ’ 1917ರದ್ದು. ಕನ್ನಡಿಗರೂ ಒಂದು ಜನ, ಅವರಿಗೂ ಒಂದು ನಾಡು ಇತ್ತು ಅಂತ ಹೇಳಬೇಕಾಗಿ ಬಂದ ಕಾಲ. ಗಳಗನಾಥರು ತಮ್ಮದೇ ಸ್ವತಂತ್ರ ಕಾದಂಬರಿ ‘ಮಾಧವ ಕರುಣಾವಿಲಾಸ’ದಲ್ಲಿ ವಿಜಯನಗರ ಹುಟ್ಟಿದ್ದನ್ನ ಬರೆದರು. ‘ಕರ್ಮಕಥೆ’ ಅದು ಬಿದ್ದದ್ದರ ಕಥೆ.

ಅಜ್ಜನಿಗೆ ಈ ಹೆಸರು ಹೇಳಿದೆ. ‘ಏನ್ ಓದಾಕತ್ತೀ ಅದರಾಗ, ದಿನಾ ಮೊಬೈಲ್ ಹಿಡಕೊಂಡು?’ ಅಂತ ಕೇಳಿದ್ದಕ್ಕೆ ಹೇಳಿದ್ದು. ಅವರ ಮುಖ ಒಮ್ಮೆಲೇ ಬೇರೆ ಆಯಿತು. ‘ಗಳಗನಾಥರದಾ? ನಾವು ಸಣ್ಣವರಿದ್ದಾಗ ಗುಡಿ ಕಟ್ಟಿ ಮ್ಯಾಲೆ ಒಬ್ಬರು ಓದತಿದ್ದರು, ಹತ್ತು ಮಂದಿ ಕೇಳತಿದ್ದಿವಿ. ದೀಪದಾಗ ಎಣ್ಣಿ ಮುಗಿದರ ಕಥಿ ನಾಳೆ’ ಅಂದರು. ಒಬ್ಬರು ಓದೋದು, ಹತ್ತು ಜನ ಕೇಳೋದು. ನಾನೀಗ ಮಾಡ್ತಿರೋದೂ ಅದೇ ಅಲ್ಲವಾ, ಎಣ್ಣೆ ಬದಲು ಚಾರ್ಜು ಅಷ್ಟೇ.

ಇಷ್ಟೆಲ್ಲಾ ಖುಷಿಯಲ್ಲಿ ನಾನು ಗೆಳತಿಗೆ ಕಥೆ ಹೇಳಿದೆ. ಒಂದೇ ಬಸ್ಸು, ಒಂದೇ ಕಾಲೇಜು. ಮೆಹರ್ಜಾನ್ ಭಾಗ ಬಂದಾಗ ಅವಳು ಕಿವಿಗೊಟ್ಟು ಕೇಳಿದಳು. ರಣಮಸ್ತಖಾನ್ ದ್ರೋಹದ ಭಾಗ ಬಂದಾಗ ಕಿಟಕಿ ಕಡೆ ತಿರುಗಿದಳು. ಆಮೇಲೆ ಅಂದಳು: ‘ಕಥಿ ಛಲೋ ಐತಿ. ಆದರ ಯಾವ ಕಥಿಯಾಗ ನೋಡಿದರೂ ಬೆನ್ನಿಗೆ ಚೂರಿ ಹಾಕಾಂವ ನಮ್ಮ ಮಂದಿನ ಯಾಕ ಇರತಾನ?’

ಅವಳು ಮುಸ್ಲಿಂ. ಜಗಳದ ದನಿಯಲ್ಲಿ ಕೇಳಲಿಲ್ಲ, ಮಾಮೂಲಾಗಿ ಕೇಳಿದಳು. ನನಗೆ ಮಾತ್ರ ಗಂಟಲಲ್ಲಿ ಏನೋ ಸಿಕ್ಕಿಕೊಂಡ ಹಾಗಾಯಿತು. ಒಂದು ವಾರದಿಂದ ನಾನು ಚಪ್ಪರಿಸಿಕೊಂಡು ತಿಂದ ತಿಂಡಿಯಲ್ಲಿ ಅವಳ ಪಾಲಿಗೆ ಬರೀ ಕಲ್ಲು ಬಂದಿತ್ತು.

‘ಅದು ಹಳೇ ಕಾಲದ ಪುಸ್ತಕ’ ಅಂತ ಹೇಳಿ ಜಾರಿಕೊಳ್ಳಬಹುದಿತ್ತು. ಪುಸ್ತಕ ಹಳೆಯದಾದರೂ ಓದಿ ಖುಷಿಪಟ್ಟದ್ದು ಈಗಿನ ನಾನು. ಅದಕ್ಕೇ ಚರಿತ್ರೆ ಏನು ಹೇಳುತ್ತೆ ಅಂತ ಹುಡುಕಿದೆ. ಲೈಬ್ರರಿಯಲ್ಲಿ ರಾಬರ್ಟ್ ಸಿವೆಲ್ ಬರೆದ ಪುಸ್ತಕ ಸಿಕ್ಕಿತು, 1900ರಲ್ಲಿ ಬಂದದ್ದು. ವಿಜಯನಗರವನ್ನ ‘ಮರೆತುಹೋದ ಸಾಮ್ರಾಜ್ಯ’ ಅಂತ ಕರೆದು ಮತ್ತೆ ಎಲ್ಲರ ನೆನಪಿಗೆ ತಂದವರು ಅವರು. ಅದರಲ್ಲಿ, ಆಮೇಲಿನ ಚರಿತ್ರಕಾರರಲ್ಲಿ ಓದಿದ್ದು ಕಾದಂಬರಿಗಿಂತ ವಿಚಿತ್ರವಾಗಿದೆ.

ರಾಮರಾಯ, ಅಂದ್ರೆ ಕಾದಂಬರಿಯ ರಾಮರಾಜ, ಕೃಷ್ಣದೇವರಾಯನ ಅಳಿಯ. ಇದು ಗೊತ್ತಿರೋದೇ. ಆದರೆ ವಿಜಯನಗರಕ್ಕೆ ಬರೋಕೂ ಮೊದಲು ಅವನು ಗೋಲ್ಕೊಂಡದ ಸುಲ್ತಾನನ ಕೈಕೆಳಗೆ ಕೆಲಸ ಮಾಡಿದ್ದ ಅಂತ ಗೋಲ್ಕೊಂಡದ ಕಡೆಯ ಒಂದು ಚರಿತ್ರೆ ಹೇಳುತ್ತೆ. ಅಧಿಕಾರಕ್ಕೆ ಬಂದ ಮೇಲೆ ಅವನ ಸೈನ್ಯದಲ್ಲಿ ಮುಸ್ಲಿಂ ಸೈನಿಕರಿದ್ದರು, ದಂಡನಾಯಕರಿದ್ದರು. ಇದೇನು ಅವನು ಶುರು ಮಾಡಿದ್ದಲ್ಲ. ಹಂಪಿಯಲ್ಲಿ ಅಹ್ಮದ್ ಖಾನ್ ಕಟ್ಟಿಸಿದ ಮಸೀದಿ ಇವತ್ತಿಗೂ ಇದೆ, 1439ರ ಶಾಸನ ಅದರಲ್ಲಿದೆ, ಎರಡನೇ ದೇವರಾಯನ ಕಾಲದ್ದು.

ಇನ್ನೂ ಇದೆ. ಗೋಲ್ಕೊಂಡದ ರಾಜಕುಮಾರ ಇಬ್ರಾಹಿಂ ಕುತುಬ್ ಶಾ ಅಣ್ಣನಿಗೆ ಹೆದರಿ ಓಡಿ ಬಂದಾಗ ಆಸರೆ ಕೊಟ್ಟದ್ದು ರಾಮರಾಯನೇ. 1543ರಿಂದ 1550ರವರೆಗೆ ಏಳು ವರ್ಷ ಅವನು ವಿಜಯನಗರದಲ್ಲಿದ್ದ. ತೆಲುಗಿನ ರುಚಿ ಹತ್ತಿಸಿಕೊಂಡ, ಮುಂದೆ ತೆಲುಗು ಕವಿಗಳಿಗೆ ಆಶ್ರಯ ಕೊಟ್ಟ. ಆಮೇಲೆ ವಿಜಾಪುರದ ಅಲಿ ಆದಿಲ್ ಶಾ. ರಾಮರಾಯನ ಮಗನೊಬ್ಬ ತೀರಿಕೊಂಡಾಗ ಈ ಸುಲ್ತಾನ ಸಣ್ಣ ಪರಿವಾರದ ಜೊತೆ ದುಃಖ ಕೇಳಲು ವಿಜಯನಗರಕ್ಕೇ ಬಂದ. ರಾಮರಾಯನ ಹೆಂಡತಿ ಅವನನ್ನು ಮಗ ಅಂತ ಸ್ವೀಕರಿಸಿದಳು. ಇದನ್ನ ಬರೆದಿಟ್ಟವನು ಫರಿಶ್ತಾ, ವಿಜಾಪುರದ ಆಸ್ಥಾನದಲ್ಲಿದ್ದ ಚರಿತ್ರಕಾರ. ಹೊರಡುವಾಗ ರಾಮರಾಯ ಊರ ಹೊರಗಿನವರೆಗೆ ಬಂದು ಬೀಳ್ಕೊಡಲಿಲ್ಲ ಅಂತ ಸುಲ್ತಾನನ ಮನಸ್ಸಿಗೆ ನೋವಾಯಿತು, ಅದು ಒಳಗೇ ಉಳಿಯಿತು ಅಂತಲೂ ಅವನೇ ಬರೀತಾನೆ.

ನಮ್ಮ ಕಡೆ ಮದುವೆ ಮನೆಯಲ್ಲಿ ಬೀಗರನ್ನ ಬಸ್‌ಸ್ಟ್ಯಾಂಡ್‌ವರೆಗೆ ಕಳಿಸಲಿಲ್ಲ ಅಂತ ಹತ್ತು ವರ್ಷ ಮಾತು ಬಿಟ್ಟವರಿದ್ದಾರೆ. ಹಾಗೇ ಇದು.

1565ರ ಜನವರಿ 23. ಕೃಷ್ಣಾ ನದಿಯ ಹತ್ತಿರ, ರಕ್ಕಸಗಿ ತಂಗಡಗಿ ಅಂತೀವಲ್ಲ, ಆ ಕಡೆ. ಅಹ್ಮದನಗರ, ವಿಜಾಪುರ, ಗೋಲ್ಕೊಂಡ, ಬೀದರ್ ಒಟ್ಟಿಗೆ ಸೇರಿದವು. ಈ ನಾಲ್ವರೂ ಅಲ್ಲಿಯವರೆಗೆ ತಮ್ಮ ತಮ್ಮಲ್ಲೇ ಬಡಿದಾಡಿಕೊಂಡವರು, ರಾಮರಾಯ ಒಮ್ಮೆ ಇವರ ಜೊತೆ ಒಮ್ಮೆ ಅವರ ಜೊತೆ ಸೇರಿ ಆಟ ಆಡಿದವನು. ಅವರನ್ನು ಒಟ್ಟುಗೂಡಿಸಿದ್ದರಲ್ಲಿ ಮದುವೆಯ ಪಾಲೂ ಇತ್ತು. ಅಹ್ಮದನಗರದ ಹುಸೇನ್ ನಿಜಾಂ ಶಾನ ಮಗಳು ಚಾಂದ್ ಬೀಬಿಯನ್ನ ಅಲಿ ಆದಿಲ್ ಶಾಗೆ ಕೊಟ್ಟರು, ಜೊತೆಗೆ ಸೊಲ್ಲಾಪುರದ ಕೋಟೆ. ಯುದ್ಧದಲ್ಲಿ ಮುಪ್ಪಾಗಿದ್ದ ರಾಮರಾಯ ಸೆರೆ ಸಿಕ್ಕ. ಹುಸೇನ್ ನಿಜಾಂ ಶಾ ಅವನ ತಲೆ ಕಡಿಸಿದ. ಎರಡು ವರ್ಷದ ನಂತರ, 1567ರಲ್ಲಿ, ಇಟಲಿಯ ವರ್ತಕ ಸೀಸರ್ ಫ್ರೆಡರಿಕ್ ವಿಜಯನಗರಕ್ಕೆ ಬಂದಾಗ, ರಾಮರಾಯನ ಕಡೆಯ ಇಬ್ಬರು ಮುಸ್ಲಿಂ ದಂಡನಾಯಕರು ಯುದ್ಧದ ನಡುವೆ ಪಕ್ಷ ಬದಲಿಸಿದ್ದರಿಂದ ಸೋಲಾಯಿತು ಅಂತ ಬರೆದ. ರಣಮಸ್ತಖಾನನ ದ್ರೋಹಕ್ಕೆ ಬೀಜ ಇಂಥ ಮಾತುಗಳಲ್ಲೇ ಇರಬೇಕು ಅನ್ನಿಸುತ್ತೆ.

ಇದನ್ನೆಲ್ಲಾ ಓದಿ ನನಗೆ ಅನ್ನಿಸಿದ್ದು ಇದು. ಕಾದಂಬರಿಯಲ್ಲಿರೋ ಮಗ ಸುಳ್ಳು. ಆದರೆ ಆ ಮನೆಯಲ್ಲಿ ಉಂಡು, ಮಗ ಅನ್ನಿಸಿಕೊಂಡು, ಮುನಿಸಿಕೊಂಡು ಎದುರು ನಿಂತವರು ನಿಜಕ್ಕೂ ಇದ್ದರು. ಆಪ್ಟೆ ಫರಿಶ್ತಾನನ್ನು ನೋಡಿಯೇ ಬರೆದರು ಅಂತ ನಾನು ಹೇಳ್ತಿಲ್ಲ. ಕಥೆಯ ನಾಡಿ ಮಾತ್ರ ಅಲ್ಲೇ ಬಡಿಯುತ್ತಿದೆ. ಅದು ಎರಡು ಧರ್ಮಗಳ ಯುದ್ಧಕ್ಕಿಂತ ಹೆಚ್ಚಾಗಿ ಒಂದೇ ಮನೆಯೊಳಗಿನ ಮುನಿಸು, ಜೊತೆಗೆ ಗಡಿ, ಕೋಟೆ, ಕಪ್ಪಕಾಣಿಕೆಯ ಲೆಕ್ಕ.

ಮತ್ತೆ ಕಾದಂಬರಿಗೆ ಹೋಗಿ ಮೆಹರ್ಜಾನ್ ಭಾಗವನ್ನು ಎರಡನೇ ಸಲ ಓದಿದೆ. ಮೊದಲ ಸಲ ಕಣ್ಣಿಗೆ ಬೀಳದ್ದು ಈಗ ಬಿತ್ತು. ಲೇಖಕರ ನೀತಿಪಾಠ ಏನೇ ಇರಲಿ, ಕಥೆಯ ಮೊದಲ ದ್ರೋಹ ರಣಮಸ್ತಖಾನನದ್ದಲ್ಲ. ಮಾತು ಕೊಟ್ಟು ತಪ್ಪಿದವನು ರಾಮರಾಜ. ಕರ್ಮಕಥೆ ಅಂದ್ರೆ ಆ ಕರ್ಮ ಯಾರದ್ದು? ತೋಟದಲ್ಲಿ ಒಬ್ಬಳನ್ನ ಬಿಟ್ಟು ಹೋದವನದ್ದು. ಗಳಗನಾಥರು ಭಾಷಣ ಮಾಡುವಾಗ ಒಂದು ಕಡೆ ನಿಲ್ಲುತ್ತಾರೆ, ಕಥೆ ಹೇಳುವಾಗ ಮೆಹರ್ಜಾನಳ ದುಃಖದ ಪಕ್ಕ ನಿಲ್ಲುತ್ತಾರೆ. ಕಥೆ ಹೇಳುವ ಗಳಗನಾಥರು ಭಾಷಣ ಮಾಡುವ ಗಳಗನಾಥರಿಗಿಂತ ದೊಡ್ಡವರು ಅಂತ ನನ್ನ ಅಭಿಪ್ರಾಯ. ಒಪ್ಪದವರು ಕಮೆಂಟಲ್ಲಿ ಬೈಯಿರಿ.

ಹಾಗಂತ ಪುಸ್ತಕವನ್ನ ಪೂರ್ತಿ ಬಿಡಿಸಿಕೊಂಡು ಬಂದೆ ಅಂತಲ್ಲ. ರಣಮಸ್ತಖಾನನನ್ನು ಚಿತ್ರಿಸಿದ ರೀತಿಯಲ್ಲಿ ಕೆಲವು ಕಡೆ ಕಹಿ ಇದೆ, ಅದು ಇರೋದೇ. ಕುಂಜವನದ ಬೆಳದಿಂಗಳು ನನಗೆ ಇಷ್ಟ ಅಂತ ಆ ಕಹಿಯನ್ನ ಗೆಳತಿಯೂ ಸಿಹಿ ಅಂತ ನುಂಗಬೇಕಾ? ಅಷ್ಟಕ್ಕೇ ನಾನು ಬೆಳದಿಂಗಳನ್ನೂ ಬಿಡಬೇಕಾ? ಈ ಎರಡು ಪ್ರಶ್ನೆ ಇಟ್ಟುಕೊಂಡೇ ಓದ್ತಿದೀನಿ.

ಅವಳಿಗೆ ಇದನ್ನೆಲ್ಲಾ ಹೇಳಿದೆ. ಅಲಿ ಆದಿಲ್ ಶಾ ದುಃಖ ಕೇಳೋಕೆ ಬಂದ ಕಥೆ ಹೇಳುವಾಗ ಬಸ್ಸು ಮೋಟೆಬೆನ್ನೂರು ದಾಟಿತ್ತು. ಅವಳು ನಕ್ಕಳು. ‘ಬಸ್‌ಸ್ಟ್ಯಾಂಡ್‌ತನಾ ಕಳಿಸಲಿಲ್ಲ ಅಂತ ಸಿಟ್ಟಾ? ನಮ್ಮ ದೊಡ್ಡಪ್ಪನ ಹಂಗ ಅದಾನ ಬಿಡು ಆ ಸುಲ್ತಾನ’ ಅಂದಳು. ಆಮೇಲೆ ಪುಸ್ತಕದ ಲಿಂಕ್ ಕೇಳಿದಳು. ಗಳಗನಾಥರು ತೀರಿಕೊಂಡು 60 ವರ್ಷ ದಾಟಿದ್ದರಿಂದ ಕಾಪಿರೈಟ್ ಮುಗಿದಿದೆ, ಕನ್ನಡ ವಿಕಿಸೋರ್ಸ್‌ನಲ್ಲಿ ‘ಕನ್ನಡಿಗರ ಕರ್ಮಕಥೆ’ ಅಂತ ಹುಡುಕಿದರೆ ಪುಕ್ಕಟೆ ಸಿಗುತ್ತೆ. ಯಾರೂ ಹೊತ್ತು ತರಬೇಕಾಗಿಲ್ಲ.

ನಿನ್ನೆ ರಾತ್ರಿ ಹನ್ನೊಂದಕ್ಕೆ ಅವಳ ವಾಯ್ಸ್ ಮೆಸೇಜ್ ಬಂತು. ಹಿಂದೆ ಫ್ಯಾನ್ ತಿರುಗೋ ಸದ್ದು. ‘ಭಾಷಾ ಭಾಳ ಕಠಿಣ ಐತಿ, ಅರ್ಧಕ್ಕರ್ಧ ತಿಳಿಯಂಗಿಲ್ಲ. ಆ ರಾಮರಾಜನ್ನ ಹಿಡಿದು ಎರಡು ಬಡೀಬೇಕು ಅನಸಾಕತ್ತೇತಿ. ಮೆಹರ್ಜಾನ್‌ಗೆ ಮುಂದ ಏನಾಗತೈತಿ ಅಂತ ಮಾತ್ರ ನೀ ಹೇಳಬ್ಯಾಡ, ನಾನ ಓದತೇನಿ.’